ಮಡಚದ ಮಂಡಿ, ತುಂಬಿದ ಚಾರ್ಟು

ಮಾರ್ಚ್ ೧೨, ಗುರುವಾರ

ಡಾಕ್ಟರು ಇವತ್ತು ನನ್ನ ಕ್ಷಮೆ ಕೇಳಿದರು.

ಮಂಡಿ ತೆರೆದು ಆಪರೇಷನ್ ಮಾಡುವ ಮೊದಲೇ ಅವರು ಎಲ್ಲವನ್ನೂ ಬಿಡಿಸಿ ಹೇಳಿದ್ದರು. ನೋವು ಹೋಗುತ್ತದೆ, ಆದರೆ ಗಾಯ ದೊಡ್ಡದು, ಕೀವಾಗಬಹುದು. ದಿನಕ್ಕೆ ಮೂರು ಸಲ ವ್ಯಾಯಾಮ ಮಾಡದಿದ್ದರೆ ಕೀಲು ಬಿಗಿದುಕೊಳ್ಳಬಹುದು. ನೋವೇನೋ ಹೋಯಿತು. ಆರು ವಾರವಾದರೂ ಕಾಲು ಅರ್ಧಕ್ಕಿಂತ ಹೆಚ್ಚು ಮಡಚುವುದಿಲ್ಲ.

ಮಾಡಿದಾಗಲೆಲ್ಲ ಗುರುತು ಹಾಕಬೇಕಿದ್ದ ವ್ಯಾಯಾಮದ ಚಾರ್ಟು ಕೇಳಿದರು, ಕೊಟ್ಟೆ. ಒಂದು ಚೌಕವೂ ಖಾಲಿ ಇರಲಿಲ್ಲ.

"ನೀವು ಮಾಡೋದೆಲ್ಲ ಮಾಡಿದೀರ ಮೇಷ್ಟ್ರೇ. ನನ್ನ ಕೈಯಲ್ಲೇ ಏನೋ ತಪ್ಪಾಗಿರ್ಬೇಕು, ಕ್ಷಮಿಸಿ" ಎಂದರು.

ಒಂದೇ ಪೆನ್ನಿನಲ್ಲಿ, ಒಂದೇ ಏಟಿಗೆ ಗೀಚಿ ತಂದ ಹೋಂವರ್ಕನ್ನು ಮೂವತ್ತು ವರ್ಷ ಶಾಲೆಯಲ್ಲಿ, ನೋಡಿದ ಕೂಡಲೇ ಹಿಡಿಯುತ್ತಿದ್ದವನು ನಾನು. ಪಾಪ, ನನ್ನ ಚಾರ್ಟಿನಲ್ಲಿ ಅದನ್ನು ಅವರು ಹಿಡಿಯಲಿಲ್ಲ. ಪಕ್ಕದಲ್ಲಿದ್ದ ನನ್ನವಳು ನೆಲ ನೋಡುತ್ತಾ ಕುಳಿತಿದ್ದಳು. ನಾನೋ "ಇರ್ಲಿ ಬಿಡಿ ಡಾಕ್ಟ್ರೇ" ಎಂದೆ, ದೊಡ್ಡ ಮನಸ್ಸಿನವನ ಹಾಗೆ! ಥೂ.

ಮನೆಗೆ ಬಂದ ಮೇಲೂ ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಾಪೆ ಹಾಸಿ, ನನ್ನ ಪಾದಕ್ಕೆ ಟವೆಲ್ ಸುತ್ತಿ, ಅದರ ಎರಡು ತುದಿ ನನ್ನ ಕೈಗಿಟ್ಟು, "ಎಳೀರಿ, ನಾನು ಎಣಿಸ್ತೀನಿ" ಎಂದಳು. ಹತ್ತು ಎನ್ನುವಷ್ಟರಲ್ಲಿ ನನ್ನ ಕಣ್ಣಲ್ಲಿ ನೀರು. ಆರು ವಾರದಲ್ಲಿ ನಾನು ಕಾಲು ಮಡಚಲು ಒದ್ದಾಡಿದ್ದು ಇದೇ ಮೊದಲು.

ಈಗ ಇದೊಂದಕ್ಕಾದರೂ ನಿಜವಾದ ಗುರುತು ಹಾಕೋಣವೆಂದು ಚಾರ್ಟು ತೆಗೆದೆ. ಇವತ್ತಿನದನ್ನೂ ಆಸ್ಪತ್ರೆಗೆ ಹೊರಡುವ ಮೊದಲೇ ಹಾಕಿಬಿಟ್ಟಿದ್ದೇನೆ. ರಾತ್ರಿಯದ್ದೂ ಸೇರಿಸಿ.