ಕೆಂಪು ಪರದೆಯ ಮೇಲಿನ ನಂಬರು

ಹೊಲಿಗೆ ಕೋಣೆಯಿಂದ,
ಒಂಬತ್ತನೇ ತಾರೀಖು, ಶನಿವಾರ ಮಧ್ಯಾಹ್ನ

ನನ್ನ ಮಗಳ ಅಪ್ಪನಿಗೆ,

ಪ್ರೀತಿಯ ಎಂದು ಶುರು ಮಾಡೋಣವೆಂದು ಕೂತೆ. ನಾಲ್ಕು ತಿಂಗಳಿಂದ ಮಾತಿಲ್ಲ ಕತೆಯಿಲ್ಲ, ಈಗ ಇದ್ದಕ್ಕಿದ್ದ ಹಾಗೆ ಪ್ರೀತಿ ಎಂದರೆ ನೀವೇ ನಗುತ್ತೀರಿ. ಅದಕ್ಕೇ ಬಿಟ್ಟೆ. ಮಂಡಿ ನೋವು ಹೇಗಿದೆ? ಲಿಫ್ಟ್ ರಿಪೇರಿ ಮಾಡುವವನು ಮೆಟ್ಟಿಲು ಹತ್ತಿಯೇ ಸಾಯಬೇಕು ಎಂದು ನೀವೇ ಗೊಣಗುತ್ತಿದ್ದಿರಿ. ಕಂಪನಿಯವರು ಕೊಟ್ಟ ಆ ರೂಮೂ ಮೂರನೇ ಮಹಡಿಯಲ್ಲಿದೆಯಂತೆ. ಹೋಗುವಾಗ ಸ್ಪ್ಯಾನರ್ ಪೆಟ್ಟಿಗೆ ಮರೆಯಲಿಲ್ಲ, ಮಂಡಿಗೆ ಹಚ್ಚುವ ಎಣ್ಣೆ ಮಾತ್ರ ಕಿಟಕಿಯ ಮೇಲೇ ಇದೆ. ನಾನೂ ತೆಗೆದಿಟ್ಟಿಲ್ಲ. ಮಗಳು ಚೆನ್ನಾಗಿದ್ದಾಳೆ, ನನ್ನ ಹತ್ತಿರ ಮಾತಾಡುವುದಿಲ್ಲ ಅಷ್ಟೆ. ಫೋನ್ ಮಾಡಿದರೆ ನೀವು "ಕೆಲಸದಲ್ಲಿದ್ದೀನಿ" ಎಂದು ಇಟ್ಟುಬಿಡುತ್ತೀರಿ. ಕಾಗದವಾದರೆ ಹಾಗೆ ಇಡುವುದಕ್ಕೆ ಆಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬುಧವಾರ ನಿಮ್ಮ ತಮ್ಮ ಬಂದಿದ್ದ. ನಾನೇ ಕರೆಸಿದೆ. ಕಂಪ್ಯೂಟರ್ ಪೂರ್ತಿ ಕೈಕೊಟ್ಟಿತ್ತು. ಒಂದು ಫ್ರಾಕಿನ ಅಳತೆ ನೋಡಲು ಹೋದರೆ ಹತ್ತು ಕಿಟಕಿ ತೆರೆದುಕೊಳ್ಳುತ್ತಿದ್ದವು. ಒಂದನ್ನು ಮುಚ್ಚಿದರೆ ಇನ್ನೆರಡು. ನೀವು ಗೆದ್ದಿದ್ದೀರಿ ಎಂದು ಒಂದು, ನಿಮ್ಮ ಕೂದಲು ಉದುರುತ್ತಿದೆಯೇ ಎಂದು ಇನ್ನೊಂದು. ಉದುರುತ್ತಿದೆ, ಯಾಕೆ ಉದುರಬಾರದು? ನನ್ನ ಮೈದುನ ನಿಮ್ಮಂತಲ್ಲ, ಒಂದು ಮಾತಿಗೆ ಬಂದ. ಇಂಟರ್‌ನೆಟ್ ತೆರೆಯುವ ಪುಟದಲ್ಲಿ ಎಲ್ಲೋ ಮೂಲೆಯ ಮೂರು ಚುಕ್ಕಿ ಒತ್ತಿ, ಒಳಗೆ ಹೋಗಿ, ಒಂದು ಪಟ್ಟಿ ತೆಗೆದು, "ಅತ್ತಿಗೆ, ಇಲ್ನೋಡಿ, ಯಾರ್ಯಾರಿಗೆ ಬಾಗಿಲು ತೆಗೆದಿದೆ ಅಂತ" ಎಂದ.

ನೋಡಿದೆ. ನಲವತ್ತೊಂದು ವೆಬ್‌ಸೈಟಿನ ಹೆಸರು. ಉಚಿತ ಕಸೂತಿ ಮಾದರಿ, ಮಕ್ಕಳ ಕಾಲರ್ ಹದಿನಾರು ಬಗೆ, ಗುಂಡಿ ಮನೆ ಹೊಲಿಯುವುದು ಹೇಗೆ, ಪಫ್ ತೋಳಿನ ಕಟಿಂಗ್. ನಲವತ್ತೊಂದೂ ನನ್ನವೇ ಕಣ್ರೀ. ನಿಮ್ಮದು ಒಂದೂ ಇಲ್ಲ. ಹುಡುಕಿದೆ, ಸುಳ್ಳು ಹೇಳುವುದಿಲ್ಲ. ಒಂದಾದರೂ ಸಿಗಲಿ ಎಂದು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಎರಡು ಸಲ ಹುಡುಕಿದೆ.

ನನ್ನ ಕಸುಬಿನ ರೀತಿ ನಿಮಗೆ ಗೊತ್ತು. ಬಾಗಿಲಿಗೆ ಬಂದ ಗಿರಾಕಿಗೆ ಆಗಲ್ಲ ಎನ್ನುವ ಮಾತು ನನ್ನ ಬಾಯಲ್ಲಿ ಬಂದಿದ್ದಿಲ್ಲ. ನಾಳೆ ಬೆಳಿಗ್ಗೆಗೆ ಬೇಕೆಂದರೂ ಆಯ್ತು, ಹರಿದದ್ದನ್ನು ಹೊಸದು ಮಾಡಿ ಎಂದರೂ ಆಯ್ತು. ಆಮೇಲೆ ಬೈದುಕೊಂಡು ಹೊಲಿಯುತ್ತೇನೆ, ಅದು ಬೇರೆ. ಕಂಪ್ಯೂಟರೂ ಹಾಗೇ ಕೇಳುತ್ತಿತ್ತು. ನಿಮಗೆ ಸುದ್ದಿ ಕಳಿಸಬಹುದೇ ಎಂದು ಮರ್ಯಾದೆಯಿಂದ ಕೇಳಿ, ಕೆಳಗೆ ಎರಡು ಪದ: ಅನುಮತಿಸಿ, ನಿರ್ಬಂಧಿಸಿ. ನಿರ್ಬಂಧಿಸಿ ಎನ್ನುವುದನ್ನು ನೋಡಿದರೇ ನನಗೆ ಪೊಲೀಸ್ ಠಾಣೆ ನೆನಪಾಗುತ್ತದೆ. ಪುಕ್ಕಟೆ ಮಾದರಿ ಕೊಡುವವರ ಮುಖಕ್ಕೆ ಹೊಡೆದ ಹಾಗೆ ಯಾಕೆ ಹೇಳಲಿ ಎಂದು ಎಲ್ಲರಿಗೂ ಅನುಮತಿಸಿದೆ. ಒಳಗೆ ಬಂದವರು ಮೊದಲು ನೂಲು, ಕತ್ತರಿ ತೋರಿಸಿದರು. ಆಮೇಲೆ ಆ ಹೆಂಗಸರನ್ನು ಕಳಿಸಿದರು.

ಟೀಚರಮ್ಮ ಮೊಮ್ಮಗಳ ಅಳತೆ ಕೊಡಲು ಬಂದ ದಿನ ನೆನಪಿದೆಯಲ್ಲ. ಪರದೆಯ ಮೂಲೆಯಲ್ಲಿ ಮೈಮೇಲೆ ಬಟ್ಟೆ ಇದೆಯೋ ಇಲ್ಲವೋ ಎನ್ನುವಂಥವಳೊಬ್ಬಳು ಎದ್ದು ಬಂದು, ನಿಮ್ಮ ಹತ್ತಿರದಲ್ಲೇ ಇದ್ದೇನೆ, ಮಾತಾಡ್ತೀರಾ ಎಂದು ಕೇಳಿದಳು. ಟೀಚರಮ್ಮ ಆ ಮಗುವಿನ ಕಣ್ಣು ಮುಚ್ಚಿ, ಬಟ್ಟೆ ವಾಪಸ್ ತೆಗೆದುಕೊಂಡು, "ನಿಮ್ಮನೇಲಿ ಗಂಡಸರು ಇದನ್ನೆಲ್ಲಾ ನೋಡ್ತಾರಾ?" ಎಂದು ಹೋದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅದೇ ಹೊತ್ತಿಗೆ ಪರದೆ ಪೂರ್ತಿ ಕೆಂಪಾಗಿ, ಕುಯ್ಯೋ ಎಂದು ಕೂಗುತ್ತಾ, ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್ ಇವೆ, ಆಫ್ ಮಾಡಬೇಡಿ, ತಕ್ಷಣ ಈ ನಂಬರಿಗೆ ಕರೆ ಮಾಡಿ ಎಂದಿತು. ಅದೂ ಮೋಸವಂತೆ. ವೈರಸ್ ಏನೂ ಇರಲಿಲ್ಲವಂತೆ, ಪ್ಲಗ್ ಕಿತ್ತಿದ್ದರೆ ಸಾಕಿತ್ತಂತೆ.

ಸಾಯಂಕಾಲ ನೀವು ಬಂದು ಬೂಟು ಬಿಚ್ಚುವ ಮೊದಲೇ ನಾನು ಬಾಯಿಗೆ ಬಂದಂತೆ ಅಂದೆ. ಮಗಳ ಎದುರಿಗೇ ಅಂದೆ. ಹತ್ತೊಂಬತ್ತು ವರ್ಷ ನೆಟ್ಟಗೆ ಬಾಳಿದ ಮನುಷ್ಯನನ್ನು ಎಂಥೆಂಥ ಮಾತಿನಿಂದ ಕರೆದೆ ಎಂದು ಇಲ್ಲಿ ಬರೆಯುವುದಿಲ್ಲ, ಅವಳೇ ಇದನ್ನು ಅಂಚೆ ಡಬ್ಬಿಗೆ ಹಾಕಬೇಕು. "ಯಾರ್ ಹೇಳಿದ್ದು ನಿಂಗೆ?" ಎಂದು ಕೇಳಿದಿರಿ. "ಗೊತ್ತಿರೋರೇ ಹೇಳಿದ್ದು, ಕಂಪ್ಯೂಟರ್ ಚೆನ್ನಾಗಿ ಬಲ್ಲೋರು" ಎಂದೆ. ನಮ್ಮ ಪೈಕಿ ಕಂಪ್ಯೂಟರ್ ಬಲ್ಲವನು ಒಬ್ಬನೇ. "ನನ್ ತಮ್ಮನೂ ಹೀಗಂದನಾ?" ಎಂದಿರಿ. ನಾನು ಸುಮ್ಮನಿದ್ದೆ. ಬೆಳಿಗ್ಗೆ ನೀವು ಪೆಟ್ಟಿಗೆ ಎತ್ತಿಕೊಂಡಿರಿ.

ನಿಮ್ಮ ಮೇಲೂ ಸಿಟ್ಟಿದೆ ನನಗೆ, ಇಲ್ಲ ಎನ್ನುವುದಿಲ್ಲ. ಒಂದು ದಿನ ನಿಂತು ಜಗಳವಾಡಬಾರದಿತ್ತೇ? ಆ ದರಿದ್ರ ಪೆಟ್ಟಿಗೆಯನ್ನು ಎತ್ತಿ ನೆಲಕ್ಕೆ ಕುಕ್ಕಬಾರದಿತ್ತೇ? ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ, ಗೊತ್ತು. ನಿನ್ನೆ ಟೀಚರಮ್ಮನ ಮನೆಗೆ ಹೋಗಿ, ತಪ್ಪು ನನ್ನದು, ಇವರದಲ್ಲ ಎಂದು ಹೇಳಿ ಬಂದೆ. ಅವರು ಬಾಗಿಲಲ್ಲೇ ನಿಲ್ಲಿಸಿ, "ಗಂಡನ್ನ ಬಿಟ್ಟುಕೊಡೋಕಾಗಲ್ಲ, ಪಾಪ" ಎಂದರು. ಸತ್ಯ ಹೇಳಿದರೂ ನಂಬುವವರಿಲ್ಲ. ನೀವು ಎಷ್ಟು ಸಲ "ನಾನಲ್ಲ ಕಣೇ" ಎಂದಿರಿ ಎಂದು ಆ ಮೆಟ್ಟಿಲ ಮೇಲೆ ನಿಂತು ಲೆಕ್ಕ ಹಾಕಿದೆ.

ನಿಮ್ಮ ತಮ್ಮ ಹೋಗುವಾಗ ಕೇಳಿದ, "ಅಣ್ಣ ಯಾಕೆ ನನ್ ಫೋನೂ ಎತ್ತಲ್ಲ ಅತ್ತಿಗೆ? ನಾನೇನ್ ಮಾಡ್ದೆ?" ನಾನು ಸೂಜಿಗೆ ದಾರ ಪೋಣಿಸುತ್ತಾ ಕೂತೆ. ದಾರ ಪೋಣಿಸಿಯೇ ಇತ್ತು.

ಬನ್ನಿ ಎಂದು ಬರೆಯಲು ಮುಖವಿಲ್ಲ. ಎಣ್ಣೆ ಕಿಟಕಿಯ ಮೇಲಿದೆ ಎಂದಷ್ಟೇ ಬರೆಯುತ್ತೇನೆ. ನಿಧಾನವಾಗಿ ಮೆಟ್ಟಿಲು ಹತ್ತಿ, ಬೀಳಬೇಡಿ.

ಇಂತಿ,
ಹತ್ತೊಂಬತ್ತು ವರ್ಷ ನೀವು "ಏ ಕತ್ತರಿ" ಎಂದು ಕರೆದವಳು

ತಾ.ಕ.: ಮಗಳು ಚಪ್ಪಲಿ ಹಾಕಿಕೊಂಡು ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ನಿಮ್ಮ ತಮ್ಮ ಏನೂ ಹೇಳಿರಲಿಲ್ಲ. ಯಾರು ಹೇಳಿದ್ದು ಎಂದು ಕೇಳಿದ್ದಿರಲ್ಲ, ಆ ಕೆಂಪು ಪರದೆಯ ಮೇಲಿನ ನಂಬರಿಗೆ ನಾನು ಫೋನ್ ಮಾಡಿದ್ದೆ. ಯಾವನೋ ಎತ್ತಿದ. ಇಂಥ ಚಿತ್ರ ಯಾಕೆ ಬರುತ್ತದೆ ಎಂದು ಕೇಳಿದೆ. "ನಿಮ್ ಯಜಮಾನ್ರು ಕದ್ದು ನೋಡ್ತಾರೆ ಮೇಡಂ, ಅದಕ್ಕೇ" ಎಂದ. ಆಮೇಲೆ ಬ್ಯಾಂಕ್ ಕಾರ್ಡಿನ ನಂಬರು ಕೇಳಿದ. ಕಳ್ಳ ಎಂದು ತಕ್ಷಣ ಗೊತ್ತಾಗಿ ಫೋನ್ ಇಟ್ಟೆ. ಕಾರ್ಡಿನ ವಿಷಯದಲ್ಲಿ ಅವನನ್ನು ನಂಬಲಿಲ್ಲ ಕಣ್ರೀ, ನಿಮ್ಮ ವಿಷಯದಲ್ಲಿ ನಂಬಿದೆ. ತಮ್ಮನಿಗೆ ಇವತ್ತೇ ಫೋನ್ ಮಾಡಿ.