ಎರಡೂವರೆಯ ಆಲಿಕೆ

ತೇಲುಗಂಗೊಳ್ಳಿ
ಫೆಬ್ರವರಿ 30, 2191, ಮಧ್ಯಾಹ್ನ 2.35

ಕಮಾಂಡೆಂಟ್ ಹರಿಣಾಕ್ಷಿ ಮೆಂಡನ್ ಅವರಿಗೆ,

ತಾರೀಕು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಮ್ಮ ಲೆಕ್ಕದಲ್ಲಿ ನೀವು ತೀರಿಕೊಂಡು ನೂರು ವರ್ಷದ ಮೇಲಾಯಿತು. ಆದರೂ ನೀವಿನ್ನೂ ಪಾಠ ಹೇಳುತ್ತಿರುವ ಕಾಲಕ್ಕೇ ಬರೆಯುತ್ತಿದ್ದೇನೆ, ನಾಲ್ಕು ತಿಂಗಳ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ನಿದ್ದೆಗೆಟ್ಟ ಕಣ್ಣಲ್ಲಿ.

ನಿಮ್ಮ ಗಂಗೊಳ್ಳಿ ಈಗ ನಮ್ಮ ಕಾಲಡಿಯ ನೀರಿನಲ್ಲಿದೆ. ನಾವು ಅದರ ಮೇಲೆ ತೇಲುವ ಊರಿನವರು. ತಳಕ್ಕೆ ನುಗ್ಗುವ ನೀರನ್ನು ಪಂಪುಗಳು ಹಗಲಿರುಳೂ ಎತ್ತಿ ಹೊರಗೆ ಹಾಕುತ್ತವೆ. ಆದರೆ ಅರ್ಧ ಗಂಟೆಗೊಮ್ಮೆ ಮೂರು ನಿಮಿಷ ಎಲ್ಲವನ್ನೂ ನಿಲ್ಲಿಸುತ್ತೇವೆ. ಅದಕ್ಕೆ ಆಲಿಕೆ ಎನ್ನುತ್ತೇವೆ. ಮುಳುಗುತ್ತಿರುವವರು ಯಾರಾದರೂ ರೇಡಿಯೋದಲ್ಲಿ ಕೂಗಿದರೆ ಕೇಳಬೇಕಲ್ಲ. ರುಬ್ಬುವವರು ಕೈ ತಡೆಯುತ್ತಾರೆ, ಶಾಲೆಯ ಮಕ್ಕಳು ಕಾಲುಗಳನ್ನು ಬೆಂಚಿನ ಮೇಲೆ ಎತ್ತಿಕೊಳ್ಳುತ್ತಾರೆ, ನೆಲದ ಮೇಲೆ ಎರಡು ಬೆರಳು ನೀರು ಏರುತ್ತದೆ. ಇದನ್ನು ಕಲಿಸಿದವರು ನೀವು. ಕರಾವಳಿ ಕಾವಲು ಪಡೆಯ ಹಡಗುಗಳಲ್ಲಿ ಇಪ್ಪತ್ತೆರಡು ವರ್ಷ ಕಳ್ಳಸಾಗಣೆಯವರನ್ನು ಬೆನ್ನಟ್ಟಿ, ಆಮೇಲೆ ಸಮವಸ್ತ್ರ ಕಳಚಿಟ್ಟು, ಬಂದರಿನ ಶೆಡ್ಡಿನಲ್ಲಿ ಮೀನುಗಾರರ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಿದವರು. ನಿಮ್ಮ ನೋಟ್‌ಬುಕ್ ಓದದೆ ನಮ್ಮಲ್ಲಿ ಯಾರಿಗೂ ಶಾಲೆ ಮುಗಿಯುವುದಿಲ್ಲ.

ರೇಡಿಯೋ ಕೋಣೆಯ ಪಾಳಿ ಬಾಣಂತಿಯರದ್ದು. ಹೇಗೂ ಎಚ್ಚರವಿರುತ್ತಾರಲ್ಲ! ಮಗು ಅಳುತ್ತದೆ ಎಂದು ನಾನು ತಕರಾರು ಮಾಡಿದಾಗ ಅತ್ತೆ, "ಅದ್ ಹುಟ್ಟಿದ್ದೇ ಕೂಗುಕೆ ಮರಾಯ್ತಿ. ನೀ ಕೂತದ್ ಕೇಂಬುಕೆ" ಎಂದು ನಗಾಡಿದರು. ಕೂಗುವುದು ಅವಳ ಕೆಲಸ, ಕೇಳುವುದು ನನ್ನದು.

ಆಲಿಕೆ ಮುಗಿದ ಮೇಲೆ ಪುಸ್ತಕದಲ್ಲಿ ಒಂದು ಮಾತು ಬರೆಯಬೇಕು: ಕೇಳಿಸಿತು, ಕೇಳಿಸಲಿಲ್ಲ, ಇಲ್ಲವೇ ಸಂಶಯ. ಸಂಶಯವೆಂದರೂ ಗಂಟೆ ಬಾರಿಸಬೇಕು, ದೋಣಿ ಹೊರಡಬೇಕು. ನಿಮ್ಮದೇ ನಿಯಮ.

ಎರಡೂವರೆಯ ಆಲಿಕೆಯಲ್ಲಿ, ಗರಗರ ಸದ್ದಿನ ನಡುವೆ, ಒಂದು ಹೆಂಗಸಿನ ದನಿ ಬಂದ ಹಾಗಾಯಿತು. ಅಷ್ಟರಲ್ಲಿ ಮಗಳು ಕಿರುಚಿದಳು. ಮತ್ತೆ ಏನೂ ಇಲ್ಲ. ಹೊರಗೆ ಕಡಲು ಊರಿನ ಗೋಡೆಗಿಂತ ಎತ್ತರಕ್ಕೆ ಏಳುತ್ತಿತ್ತು. ಇವತ್ತು ದೋಣಿಯಲ್ಲಿ ಹೋಗಬೇಕಾದವನು ನನ್ನ ಗಂಡ ವಾಮನ.

ನಾನು "ಕೇಳಿಸಲಿಲ್ಲ" ಎಂದು ಬರೆದೆ.

ಎಂಟು ನಿಮಿಷವಾಯಿತು. ಗಂಟೆಯ ಹಗ್ಗ ಹಿಡಿಯಬೇಕಾದ ಕೈಯಲ್ಲಿ ಕಾಗದ ಬರೆಯುತ್ತಿದ್ದೇನೆ. ಕಿಟಕಿಯಾಚೆ ವಾಮನ ತೊಟ್ಟಿಲಿಗೆ ಹೊಸ ಹುರಿ ಹೊಸೆಯುತ್ತಾ ಕೂತಿದ್ದಾನೆ, ಅವನಿಗೆ ಏನೂ ಗೊತ್ತಿಲ್ಲ. ಆ ದನಿಯವಳ ತೊಡೆಯ ಮೇಲೂ ಮಗುವಿತ್ತೋ ಏನೋ.

ನಿಮ್ಮ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎರಡೇ ಸಾಲುಗಳಿವೆ: "ಒಂದು ಸಂಜೆ ನಾನು ಕೇಳಿಸಲಿಲ್ಲ ಎಂದು ಬರೆದೆ. ಆ ನಂತರ ಪಾಠ ಹೇಳತೊಡಗಿದೆ." ಕಾಲೇಜಿನಲ್ಲಿ ಅದನ್ನು ದೊಡ್ಡವರ ವಿನಯವೆಂದು ವಿವರಿಸಿ ಒಳ್ಳೆಯ ಅಂಕ ತೆಗೆದಿದ್ದೆ. ಎಂಥ ಮೂರ್ಖತನ!

ಒಂದು ಕೋರಿಕೆ. ನಿಮ್ಮ ಶೆಡ್ಡಿನಲ್ಲಿ ಹಿಂದೆ ಕೂತ ಹುಡುಗಿಯೊಬ್ಬಳು, ಹೋಗಬೇಕಾದವನು ನನ್ನವನೇ ಆದರೆ ಏನು ಮಾಡಲಿ ಎಂದು ಕೇಳಿದರೆ, ನಿಯಮ ಹೇಳಿ ಬಾಯಿ ಮುಚ್ಚಿಸಬೇಡಿ. ಆ ಸಂಜೆ ನಿಮಗೆ ಎಷ್ಟು ಹೆದರಿಕೆಯಾಗಿತ್ತು ಎಂದು ಹೇಳಿ. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಷ್ಟು ಗೊತ್ತಿದ್ದಿದ್ದರೆ ಈ ಎಂಟು ನಿಮಿಷ ನಾನು ಕಳೆಯುತ್ತಿರಲಿಲ್ಲ.

"ಕೇಳಿಸಲಿಲ್ಲ" ಹೊಡೆದುಹಾಕಿ "ಸಂಶಯ" ಎಂದು ಬರೆದಿದ್ದೇನೆ. ಎಡಗೈಯಲ್ಲಿ ಹಗ್ಗ ಹಿಡಿದೇ ಇದನ್ನು ಮುಗಿಸುತ್ತಿದ್ದೇನೆ. ವಾಮನ ತಲೆಯೆತ್ತಿ ಇತ್ತ ನೋಡುತ್ತಿದ್ದಾನೆ.

ಕುಮುದಿನಿ