ಹಿಂದಿನ ಗಾಡಿ

ಸಗರ
೨೬ ನವೆಂಬರ್ ೨೦೦೩

ಸೊಲ್ಲಾಪುರದಲ್ಲಿರುವ ನನ್ನ ಮುದ್ದು ತಮ್ಮ ಸೂಗಪ್ಪನಿಗೆ ಅಕ್ಕನ ಆಶೀರ್ವಾದ.

ಮಿಲ್ಲಿನ ಧೂಳಿಗೆ ಹತ್ತಿದ ಕೆಮ್ಮು ಕಡಿಮೆಯಾಯಿತೇ? ಅವ್ವ ಅರಿಸಿನ ಹಾಲು ಕುಡಿ ಎನ್ನುತ್ತಾಳೆ. ಡಾಕ್ಟರಿಗೆ ತೋರಿಸು ಎಂದು ನಾನು ಹೇಳುತ್ತೇನೆ. ಇಲ್ಲಿ ಎಲ್ಲರೂ ಕ್ಷೇಮ. ಭತ್ತ ಕೊಯ್ಲಿಗೆ ಬಂದಿದೆ.

ಮೊನ್ನೆ ಅಮಾವಾಸ್ಯೆಗೆ ಮೌನೇಶಪ್ಪನ ದರ್ಶನಕ್ಕೆಂದು ತಿಂಥಣಿಗೆ ಹೋಗಿದ್ದೆವು. ಐದು ಮೋಟಾರ್ ಸೈಕಲ್ಲು. ನಿನ್ನದೊಂದೇ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ಉಳಿಯಿತು. ಕಾಲುವೆ ಬರುವ ಮೊದಲು ಇದೇ ದಾರಿಯಲ್ಲಿ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದೆವಲ್ಲ, ಆಗ ಸೊರಗಿದ ಎತ್ತಿನ ಬಂಡಿ ಮುಂದೆ, ಗಟ್ಟಿ ಎತ್ತಿನದು ಹಿಂದೆ. ಹಾಗಾಗಿ ಯಾರೂ ದಾರಿಯಲ್ಲಿ ಉಳಿಯುತ್ತಿರಲಿಲ್ಲ. ಕಾಲುವೆಗೆ ನೀರು ಬಂದು ಮನೆಮನೆಗೆ ಮೋಟಾರ್ ಸೈಕಲ್ಲು ಬಂದಾಗ ಸಂಗಣ್ಣ ಕಾಕಾ ಅದೇ ಕಟ್ಟಳೆಯನ್ನು ಅವಕ್ಕೂ ಹಾಕಿದ. ನಿಧಾನದವರು ಮುಂದೆ, ಕಾಕಾ ಕಟ್ಟಕಡೆಗೆ. ಹೆಂಗಸರ ಸೆರಗು ಚಕ್ರದ ಕಡೆ ಜಾರಿದರೆ ಹಿಂದಿನಿಂದ ಎರಡು ಸಲ ಹಾರ್ನ್ ಹೊಡೆಯುವುದು ಅವನ ಕೆಲಸ. ಒಮ್ಮೆ ನೀನು ಎಲ್ಲರನ್ನೂ ದಾಟಿ ಓಡಿಸಿದಾಗ, "ಮುಂದ ಹೋಗಿ ಮೌನೇಶಪ್ಪಗ ಚಾ ಕಾಸ್ತಿಯೇನಲೇ?" ಎಂದು ನಿಲ್ಲಿಸಿ ಬೈದಿದ್ದನಲ್ಲ, ಅದನ್ನು ನೆನೆದು ಅವ್ವ ಈಗಲೂ ನಗುತ್ತಾಳೆ.

ಈ ಸಲ ನಾನು ಕಾಕಾನ ಹಿಂದೆ ಕುಳಿತಿದ್ದೆ. ಶಹಾಪುರ ದಾಟಿ ಕಾಲುವೆ ಸೇತುವೆ ಇಳಿಯುವಾಗ, ನಮ್ಮ ಮುಂದಿನ ಗಾಡಿಯಲ್ಲಿ ಗಂಡನ ಹಿಂದೆ ಕುಳಿತಿದ್ದ ಕಾಕಾನ ಸೊಸೆ ಭಾಗಮ್ಮನ ಸೆರಗು ಜಾರಿ ಹಾರಾಡತೊಡಗಿತು. ಕಾಕಾ ಹಾರ್ನ್ ಹೊಡೆಯುತ್ತಾನೆಂದು ಕಾದೆ. ಹೊಡೆಯಲಿಲ್ಲ. "ಕಾಕಾ, ಸೆರಗು" ಎಂದೆ. "ಯಾರದವ್ವಾ?" ಎಂದ. ನಾನೇ ಕೈಚಾಚಿ ಹಾರ್ನ್ ಒತ್ತಿದೆ. ಗಾಡಿ ನಿಲ್ಲುವಷ್ಟರಲ್ಲಿ ಸೆರಗಿನ ತುದಿ ಚಕ್ರದ ಕಡ್ಡಿಗಳಿಗೆ ಸುತ್ತಿ ಹರಿದಿತ್ತು. ಭಾಗಮ್ಮನಿಗೆ ಏನೂ ಆಗಲಿಲ್ಲ. "ಮಾವಾರ, ಈಗ ಹೊಸಾ ಸೀರಿ ನೀವ ಕೊಡಸಬೇಕ್ರಿ" ಎಂದು ಆಕೆ ನಕ್ಕರೂ ಕಾಕಾ ನಗಲಿಲ್ಲ. ರಂಗಂಪೇಟೆಯಲ್ಲಿ ನಾವೆಲ್ಲ ಚಹಾ ಕುಡಿಯುವಾಗ ಅವನು ಒಂದು ಕಣ್ಣು ಮುಚ್ಚಿ ಎದುರಿನ ಅಂಗಡಿಯ ಬೋರ್ಡು ನೋಡುತ್ತ ನಿಂತಿದ್ದ. ನಂತರ ಇನ್ನೊಂದನ್ನು ಮುಚ್ಚಿ ನೋಡಿದ.

ದರ್ಶನ ಮುಗಿಸಿ ಹೊರಡುವಾಗ ತನ್ನ ಗಾಡಿಯನ್ನು ತಾನೇ ತಳ್ಳಿಕೊಂಡು ಎಲ್ಲರಿಗಿಂತ ಮುಂದೆ ತಂದು ನಿಲ್ಲಿಸಿದ. ಸುರಪುರದವರೆಗೆ ದಾರಿ ಖಾಲಿ ಇದ್ದರೂ ಒಬ್ಬರೂ ಅವನನ್ನು ದಾಟಲಿಲ್ಲ. ಮನೆ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು.

ಕಾಕಾನ ಬಲಗಣ್ಣಿಗೆ ಪೊರೆ ಬಂದಿದೆ. ಕೊಯ್ಲು ಮುಗಿದ ಮೇಲೆ ರಾಯಚೂರಿಗೆ ಆಪರೇಷನ್ನಿಗೆ ಬರಲು ಒಪ್ಪಿದ್ದಾನೆ. ಅಲ್ಲಿಯತನಕ ಗಾಡಿ ಮುಟ್ಟುವುದಿಲ್ಲ ಎಂದಿದ್ದಾನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಕೋಣೆಯ ಗೆಳೆಯರಿಗೂ ನನ್ನ ಶುಭ ಹಾರೈಕೆ. ಮೌನೇಶ್ವರ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ
ಗೊಲ್ಲಾಳಮ್ಮ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು. ಇನ್ನು ಮುಂದೆ ಕಟ್ಟಕಡೆಯ ಗಾಡಿಯಲ್ಲಿ ಬರಲು ಸೂಗಪ್ಪನನ್ನು ಕರೆಸಲೇ ಎಂದು ಕಾಕಾನನ್ನು ಕೇಳಿದೆ. "ಅಂವ ವರ್ಷಕ್ಕೊಮ್ಮಿ ಬರಾಂವ. ಸೆರಗು ಕಂಡಾಕಿ ನೀನು. ಹಿಂದ ನೀನ ಬಾ. ಗಾಡಿ ಹೊಡಿಯೂದು ನಾ ಕಲಸ್ತೀನಿ" ಎಂದ. ನಿನ್ನ ಗಾಡಿಯ ಚಾವಿ ಜೇಬಿನಲ್ಲೇ ಒಯ್ದಿದ್ದೀಯ. ಬೇಗ ಕಳಿಸು. ಚೂಡಿದಾರ ಹೊಲಿಯಲು ಕೊಟ್ಟಿದ್ದೇನೆ. ಅವ್ವನಿಗೆ ಇನ್ನೂ ಹೇಳಿಲ್ಲ.